ಹೋಲ್ಡಾನ್

ಟೇಬಲ್ಲಿನ ಮ್ಯಾಲ ಪ್ಲಾಸ್ಟಿಕ್ಕಿನ ಸೊಂಟದ ಎಲುವು,
ಅದರ ತಳಕ್ಕ ಕೆಂಪು ರಬ್ಬರಿನ ಜೋಳಿಗಿ.
ನಾಕು ವರ್ಷ ಬಾಯಿಪಾಠ ಮಾಡೇನಿ
ಒಂದೊಂದು ಸ್ನಾಯುವಿನ ಇಂಗ್ಲಿಷ್ ಹೆಸರು.
ಇವತ್ತ ಎದುರಿಗೆ ಅರವತ್ತೆಂಟರ ಮಲಕಾರಿ ಕಾಕಾ,
ತೊಡಿ ಮ್ಯಾಲ ರೆಕ್ಸಿನ್ ಚೀಲ ಇಟಗೊಂಡು ಕುಂತಾರ,
ಒಂದು ಶಬ್ದ ಬಾಯಿಗೆ ಬರವಲ್ದು.

"ಕಾಕಾ, ಅದು... ನೀರಿಂದು... ದಿನಕ್ಕ ಎಷ್ಟ ಸಲ?"
"ಯಾವ ನೀರವಾ? ಕುಡಿಯೂ ನೀರೇನು?"
ಮೂಲ್ಯಾಗ ನಿಂತ ಮುತ್ತಗಿ ಮೇಡಂ ಕೆಮ್ಮಿದರು.
ಅವರನ್ನ ಕೇಳಿ ಕಾಕಾಗೂ ಕೆಮ್ಮು ಬಂತು,
ಚೀಲ ಇನ್ನಷ್ಟು ಒತ್ತಿ ಹಿಡದರು.
ಉತ್ತರ ಸಿಕ್ಕಂಗಾತು.

ಮೂವತ್ತೊಂದು ವರ್ಷ ಕಂಡಕ್ಟರ್.
ವಿಜಯಪುರ, ಹೊರ್ತಿ, ಝಳಕಿ, ಚಡಚಣ.
"ತಡಕೊಳ್ಳೂದು ನನಗ ಕಲಸ್ತೀಯೇನವಾ?
ಮುಂಜಾನೆ ಡಿಪೋದಾಗ ಹೋದರ
ಮತ್ತ ಚಡಚಣದ ಗ್ವಾಡಿ ಹಿಂದನ.
ನಡುವ ಬರೇ ಜಾಲಿ ಕಂಟಿ.
ಈಗ ಪ್ರಾಸ್ಟೇಟ್ ಕೆತ್ತಿ ತಗದ ಮ್ಯಾಲ
ಟಾಕಿ ಐತಿ, ವಾಲ್ವ್ ಹೋಗೇತಿ."

ತಡಕೊಳ್ಳೂದು ಬ್ಯಾರೆ, ಬಿಗಿಯೂದು ಬ್ಯಾರೆ
ಅಂದು ಮೇಡಂ ನನ್ನ ಮಾರಿ ನೋಡಿದರು.
ಕಿವಿ ಕಾದಿದ್ದವು. ಹೇಳಿದೆ:
"ಉಚ್ಚಿ ನಡುವ ನಿಂದರಸಿದಂಗ, ಕಾಕಾ,
ಒಳಗ, ತಳದಾಗ, ಮ್ಯಾಲಕ್ಕ ಎಳೀರಿ.
ಕುಂಡಿ ಬಿಗೀಬ್ಯಾಡ್ರಿ. ಉಸರು ಹಿಡೀಬ್ಯಾಡ್ರಿ.
ಐದು ಎಣಿಸಿ ಬಿಡ್ರಿ."

ಅವರು ಬಿಗಿದದ್ದು ಹುಬ್ಬು, ಭುಜ, ಎರಡೂ ಮುಷ್ಟಿ.
ಮೂರು ಸಲ ಹಂಗ ಆತು.
ನಾಕನೇ ಸಲ ರೂಢಿ ಬಿದ್ದ ನಾಲಗಿ "ಹೋಲ್ಡ್" ಅಂತು.
ಕಣ್ಣು ತಗದರು.
"ಹೋಲ್ಡಾನ್ ಅನ್ನವಾ. ಕಡೇ ಸೀಟಿಗೆ ಕೇಳೂವಂಗ."
"ಹೋಲ್ಡಾನ್!"

ಭುಜ ಇಳದವು, ಮುಷ್ಟಿ ಬಿಚ್ಚಿದವು.
ಮಲಗಿದ ಪ್ಯಾಸೆಂಜರು ಎಚ್ಚರಾಗದಂಗ
ಬಸ್ಸು ಒಳಗ ಎಲ್ಲೋ ನಿಂತಿತ್ತು.
"ಬಿಡಬೇಕಾದರ?"
"ರೈಟ್... ರೈಟ್."
ಬಾಜೂ ಖೋಲಿಯ ಮೊಣಕಾಲಿನವರು ಹಣಿಕಿ ಹಾಕಿದರು.

ಮೂರು ದಿನದ ಚೀಟಿ ಬರಕೊಂಡು ಬರ್ರಿ ಅಂದಿದ್ದೆ.
ತಂದದ್ದು ವೇಬಿಲ್ಲು.
ಸ್ಕೇಲ್ ಇಟ್ಟು ಗೆರಿ, ಕಾರ್ಬನ್ ಇಟ್ಟು ಎರಡು ಪ್ರತಿ.
೬-೧೦. ಚಹಾ, ಅರ್ಧ ಕಪ್ಪು.
೭-೪೦. ಗುಡಿ ಪಾವಟಿಗಿ ಹತ್ತುವಾಗ, ಎರಡು ಹನಿ.
೧೧-೦೫. ಮಮ್ಮಗನ್ನ ಎತ್ತಿದೆ. ಧೋತ್ರ ಬದಲಿ.
ನೀರಿನ ಕಾಲಂ ಪೂರಾ ಖಾಲಿ.
"ಹತ್ತಿಸಿಕೊಂಡರಲ್ಲ ಇಳಿಸೂದು?" ಅಂದರು.
ಬೈದೆ. ನಗಲಿಲ್ಲ.
ಮರುವಾರ ಆರು ಗ್ಲಾಸು ಬರದಿದ್ದರು,
ಮನಿಯವಳ ಸಾಕ್ಷಿ ಸಹಿ ಹಾಕಿಸಿ.

ಆರನೇ ವಾರ: ಸೀನು ಬಂತು.
ಮೊದಲ ಹೋಲ್ಡಾನ್, ಆಮ್ಯಾಲ ಸೀನು. ನಿಲ್.
ಮೇಡಂ ಭೇಷ್ ಅಂದರು. ಕಾಕಾ ಏಳಲಿಲ್ಲ.

"ಹೊರ್ತಿ ದಾಟಿತ್ತವಾ. ಸಂಜೀ ಟ್ರಿಪ್ಪು.
ಒಬ್ಬಾಕಿ ಮುದುಕಿ ತೋಳು ಹಿಡದು
'ಎಪ್ಪಾ, ಒಂದೀಟ ನಿಂದರಸೋ' ಅಂದಳು.
'ಝಳಕಿ ತನಕ ಹೋಲ್ಡಾನ್ ಮಾಡಬೇ' ಅಂದೆ.
ಬಸ್ಸಿಗೆ ಬಸ್ಸೇ ನಕ್ಕಿತು.
ನನಗೂ ಆ ಮಾತು ಛಲೋ ಅನಿಸಿತು,
ಆಮ್ಯಾಲ ಎಷ್ಟೋ ಮಂದಿಗೆ ಅದನ್ನ ಹೇಳೇನಿ.
ಝಳಕ್ಯಾಗ ಎಲ್ಲಾರಿಗಿಂತ ಹಿಂದ ಇಳದಳು,
ಸೆರಗಿಲೆ ಸೀಟು ಒರಸಿ.
ಟಿಕೀಟಿನ ಹಿಂದ ಎಂಟಾಣೆ ಬಾಕಿ ಬರದಕೊಟ್ಟಿದ್ದೆ.
ಕೇಳಲಿಲ್ಲ."

ಕಡೇ ಚೀಟಿ ಫೈಲಿಗೆ ಹಚ್ಚುವಾಗ ನೋಡಿದೆ,
ಸೋರಿಕೆ ಕಾಲಮ್ಮಿನ್ಯಾಗ, ನೀಟಾದ ಅಕ್ಷರದಾಗ:
ಹೊರ್ತಿ ದಾಟಿ. ಹೆಣ್ಣಮಗಳು ೧. ನಿಂದರಸಲಿಲ್ಲ.
ಬಾಕಿ ೫೦ ಪೈಸೆ.

"ಯಾವ ತಾರೀಖಿಂದು ಇದು?" ಮೇಡಂ ಕೇಳಿದರು.
"ತಾರೀಖ ಹಾಕಿಲ್ಲರಿ."
ಕೆಂಪು ಪೆನ್ನು ಸ್ವಲ್ಪ ಹೊತ್ತು ಮ್ಯಾಲೇ ಇತ್ತು.
ಹೊಡದು ಹಾಕಲಿಲ್ಲ, ಸಹಿನೂ ಮಾಡಲಿಲ್ಲ.
ಮುಂದಿನವರನ್ನ ಕರಿ ಅಂದರು.

ಮುಂದಿನಾಕಿ ಬಾಗಲದಾಗ ನಿಂತಿದ್ದಳು,
ಗ್ವಾಡಿಗೆ ಕೈ ಹಚ್ಚಿ.
ಬಾ ಆಯೀ, ಕೂಡು ಅಂದೆ.
"ಒಲ್ಲೆವಾ, ನಿಂತಿರತೀನಿ.
ಖುರ್ಚಿ ಹೊಸಾದೈತಿ."